ಮೂವತ್ನಾಲ್ಕು ಇಂಚಿನ ಆಸೆ

ಮೂರು ತಿಂಗಳಿಂದ ನನ್ನ ಬ್ರೌಸರ್‌ನಲ್ಲಿ ಒಂದು ಟ್ಯಾಬ್ ಮುಚ್ಚದೇ ಕೂತಿತ್ತು. 34 ಇಂಚಿನ, ಸ್ವಲ್ಪ ಬಾಗಿದ, 3440×1440 ಪಿಕ್ಸೆಲ್‌ಗಳ ಅಲ್ಟ್ರಾವೈಡ್ ಮಾನಿಟರ್. ಬೆಲೆ 38 ಸಾವಿರದ ಆಸುಪಾಸು. ಸೇಲ್ ಬಂದಾಗ ಎರಡು ಸಾವಿರ ಇಳಿಯುತ್ತೆ, ಸೇಲ್ ಮುಗಿದ ಮೇಲೆ ಮತ್ತೆ ಏರುತ್ತೆ. ನಾನು ಕಾರ್ಟ್‌ಗೆ ಹಾಕ್ತೀನಿ, ಮಾರನೇ ದಿನ ತೆಗೀತೀನಿ.

ಸಂಬಳ ಬರೋ ಮನುಷ್ಯನಿಗೆ ಇದೇನು ದೊಡ್ಡ ವಿಷಯ ಅಂತ ನಿಮಗೆ ಅನ್ನಿಸಬಹುದು. ಆದರೆ ಆ ತಿಂಗಳಲ್ಲೇ ನಮ್ಮ ಪಕ್ಕದ ಟೀಮಿನಲ್ಲಿ ಇಬ್ಬರ ಕೆಲಸ ಹೋಗಿತ್ತು. ಮನೆ ಸಾಲದ ಕಂತು ಇದೆ. ಕೆಲಸಕ್ಕೆ ಬೇಕು ಅಂತ ನನಗೆ ನಾನೇ ಸುಳ್ಳು ಹೇಳಿಕೊಳ್ಳೋಣ ಅಂದರೆ ಆಫೀಸಿನವರು ಕೊಟ್ಟ ಮಾನಿಟರ್ ಬೇರೆ ಇದೆ. ಅಂದರೆ ಇದು ಶುದ್ಧ ಆಟಕ್ಕೆ. ಮೂವತ್ತು ದಾಟಿದ ಗಂಡಸು ರಾತ್ರಿ ಹತ್ತರ ಮೇಲೆ ಆಡೋ ಆಟಕ್ಕೆ.

ಇಂಥ ಗೊಂದಲ ಆದಾಗ ನಾನು ಮಾಡೋ ಕೆಲಸ ಒಂದೇ. ಕೋಡ್‌ನಲ್ಲಿ ಬಗ್ ಸಿಕ್ಕಿದರೆ ಈ ಸಾಲನ್ನು ಯಾರು, ಯಾವಾಗ, ಯಾಕೆ ಬರೆದರು ಅಂತ ಗಿಟ್ ಹಿಸ್ಟರಿ ನೋಡ್ತೀವಲ್ಲ, ಹಾಗೆ ಈ ಅಗಲದ ಹಿಸ್ಟರಿ ನೋಡಲು ಕೂತೆ. ಪರದೆ ಇಷ್ಟು ಅಗಲ ಆಗಬೇಕು ಅಂತ ಹಠ ಹಿಡಿದವರು ಯಾರು? ಅವರಿಗೆ ಅದರಿಂದ ಏನಾಗಬೇಕಿತ್ತು?

ಶುರು ಮಾಡಬೇಕಾದದ್ದು 1890ರ ದಶಕದ ಅಮೆರಿಕದಿಂದ. ಥಾಮಸ್ ಎಡಿಸನ್‌ನ ಪ್ರಯೋಗಾಲಯದಲ್ಲಿ ವಿಲಿಯಂ ಡಿಕ್ಸನ್ ಅನ್ನೋ ಸಹಾಯಕ ಇದ್ದ. ಈಸ್ಟ್‌ಮನ್ ಕಂಪನಿಯ 70 ಮಿಲಿಮೀಟರ್ ಅಗಲದ ಫಿಲಂ ಅನ್ನು ಉದ್ದಕ್ಕೆ ಸೀಳಿ 35 ಮಿಲಿಮೀಟರ್ ಮಾಡಿಕೊಂಡು, ಎರಡೂ ಅಂಚಿಗೆ ರಂಧ್ರ ಕೊರೆದು, ಒಂದೊಂದು ಚಿತ್ರಕ್ಕೆ ನಾಲ್ಕು ರಂಧ್ರದಷ್ಟು ಎತ್ತರ ಅಂತ ಇಟ್ಟ. ಹಾಗೆ ಬಂದ ಚೌಕಟ್ಟು ಹೆಚ್ಚುಕಮ್ಮಿ ಒಂದು ಇಂಚು ಅಗಲ, ಮುಕ್ಕಾಲು ಇಂಚು ಎತ್ತರ. ಅದೇ 4:3. ಮುಂದೆ ಫಿಲಂನಲ್ಲಿ ಧ್ವನಿಗೆ ಜಾಗ ಬಿಡಬೇಕಾಗಿ ಬಂದಾಗ, 1932ರಲ್ಲಿ ಹಾಲಿವುಡ್ ಇದನ್ನು 1.37:1 ಅಂತ ಸ್ವಲ್ಪ ತಿದ್ದಿಕೊಂಡಿತು, ಅಷ್ಟೇ. ಟಿವಿ ಬಂದಾಗ ಅದೂ ಇದೇ 4:3 ಆಕಾರವನ್ನು ತೆಗೆದುಕೊಂಡಿತು. ಒಬ್ಬ ಮನುಷ್ಯ ಫಿಲಂ ಸೀಳಿದ ಅಳತೆ ನೂರು ವರ್ಷ ಎಲ್ಲರ ಮನೆಯ ಟಿವಿಯಲ್ಲಿ ಬದುಕಿತು.

ಈ ಅಳತೆಯನ್ನು ಮುರಿದದ್ದು ಕಲೆಯ ದಾಹ ಅಲ್ಲ, ಹೊಟ್ಟೆಪಾಡು. 1950ರ ಹೊತ್ತಿಗೆ ಅಮೆರಿಕದ ಜನ ಟಿವಿ ಮುಂದೆ ಕೂರಲು ಶುರು ಮಾಡಿದ್ದರು, ಥಿಯೇಟರ್‌ಗಳು ಖಾಲಿ ಹೊಡೆಯುತ್ತಿದ್ದವು. ಮನೆಯಲ್ಲಿ ಸಿಗದೇ ಇರೋದನ್ನು ತೋರಿಸಬೇಕಿತ್ತು. ಆಗ ಕೈಗೆ ಬಂದದ್ದು ಫ್ರೆಡ್ ವಾಲರ್ ಅನ್ನೋನ ತಲೆಯಲ್ಲಿದ್ದ ಒಂದು ಹಳೇ ವಿಚಾರ.

ಈ ವಾಲರ್‌ನ ಕತೆ ಗೇಮ್ ಆಡುವವರು ಕೇಳಲೇಬೇಕು. ನಾವು ಒಂದು ಜಾಗದಲ್ಲಿ ನಿಜವಾಗಿ ಇದ್ದೀವಿ ಅನ್ನೋ ಭಾವನೆ ಕಣ್ಣಿನ ನಡುಭಾಗದಿಂದ ಮಾತ್ರ ಬರೋದಿಲ್ಲ, ಅಂಚಿನ ನೋಟದಿಂದ ಬರುತ್ತೆ ಅಂತ ಅವನ ನಂಬಿಕೆ. ಎರಡನೇ ಮಹಾಯುದ್ಧದ ಸಮಯದಲ್ಲಿ ಅವನು ಇದನ್ನು ಬಳಸಿ ವಿಮಾನದ ಬಂದೂಕುಗಾರರಿಗೆ ಒಂದು ತರಬೇತಿ ಯಂತ್ರ ಕಟ್ಟಿದ. ಐದು ಪ್ರೊಜೆಕ್ಟರ್‌ಗಳು ಒಂದು ಗೋಳಾಕಾರದ ಪರದೆ ಮೇಲೆ ಶತ್ರು ವಿಮಾನಗಳನ್ನು ತೋರಿಸುತ್ತಿದ್ದವು. ಹುಡುಗರು ಸುಳ್ಳು ಬಂದೂಕು ಹಿಡಿದು ಹೊಡೆಯುತ್ತಿದ್ದರು. ತಾಗಿತೋ ಇಲ್ಲವೋ ಅಂತ ಯಂತ್ರವೇ ಲೆಕ್ಕ ಇಡುತ್ತಿತ್ತು. ಶೂಟಿಂಗ್ ಗೇಮ್ ಅಂದರೆ ಬೇರೇನು ಸ್ವಾಮಿ? ಅಗಲ ಪರದೆ ಸಿನಿಮಾದಿಂದ ಗೇಮ್‌ಗೆ ಬಂತು ಅಂತ ನಾನು ಅಂದುಕೊಂಡಿದ್ದೆ. ವಾಲರ್‌ನ ಮಟ್ಟಿಗೆ ಅದು ಉಲ್ಟಾ.

ಯುದ್ಧ ಮುಗಿದ ಮೇಲೆ ಅದೇ ವಿಚಾರ ಸಿನೆರಾಮಾ ಆಯಿತು. ಮೂರು ಪ್ರೊಜೆಕ್ಟರ್, ಬಾಗಿದ ದೊಡ್ಡ ಪರದೆ, ನೋಡುವವನ ಸುತ್ತ 146 ಡಿಗ್ರಿ. 1952ರ ಸೆಪ್ಟೆಂಬರ್ 30ರಂದು ನ್ಯೂಯಾರ್ಕ್‌ನಲ್ಲಿ ಮೊದಲ ಪ್ರದರ್ಶನ. ಆ ಚಿತ್ರದಲ್ಲಿ ಪೂರ್ತಿ ಅಗಲದ ಪರದೆ ತೆರೆದುಕೊಳ್ಳೋದು ರೋಲರ್ ಕೋಸ್ಟರ್ ಸವಾರಿಯಿಂದ. ಆದರೆ ಮೂರು ಚಿತ್ರ ಸೇರುವ ಕಡೆ ಗೆರೆ ಕಾಣುತ್ತಿತ್ತು, ಥಿಯೇಟರನ್ನೇ ಅದಕ್ಕಾಗಿ ಬದಲಿಸಬೇಕಿತ್ತು. ಎಲ್ಲ ಊರಿಗೆ ಹೋಗುವ ಮಾತಲ್ಲ.

ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಕಂಪನಿ ಅಗ್ಗದ ದಾರಿ ಹುಡುಕಿತು. ಹೆನ್ರಿ ಕ್ರೆಟಿಯನ್ ಎಂಬ ಫ್ರೆಂಚ್ ವಿಜ್ಞಾನಿ 1920ರ ದಶಕದಲ್ಲೇ ಒಂದು ವಿಚಿತ್ರ ಲೆನ್ಸ್ ಮಾಡಿಟ್ಟಿದ್ದ. ಚಿತ್ರ ತೆಗೆಯುವಾಗ ಅದು ಅಗಲವನ್ನು ಅರ್ಧಕ್ಕೆ ಹಿಂಡಿ ಮಾಮೂಲಿ 35 ಎಂಎಂ ಫಿಲಂನಲ್ಲಿ ಕೂರಿಸುತ್ತೆ. ತೋರಿಸುವಾಗ ಅಂಥದ್ದೇ ಲೆನ್ಸ್ ಅದನ್ನು ಮತ್ತೆ ಬಿಡಿಸುತ್ತೆ. ಅದೇ ಕ್ಯಾಮೆರಾ, ಅದೇ ಫಿಲಂ, ಅದೇ ಪ್ರೊಜೆಕ್ಟರ್. ಲೆನ್ಸ್ ಮತ್ತು ಪರದೆ ಮಾತ್ರ ಹೊಸದು. 1953ರಲ್ಲಿ 'ದಿ ರೋಬ್' ಚಿತ್ರದೊಂದಿಗೆ ಸಿನಿಮಾಸ್ಕೋಪ್ ಬಂತು.

ಇಲ್ಲಿ ನಮ್ಮಪ್ಪ ಬರ್ತಾರೆ. ನಮ್ಮದು ತಿಪಟೂರು ಕಡೆಯ ಹಳ್ಳಿ. ಮದುವೆಗೆ ಮುಂಚೆ ಅಪ್ಪ ಎರಡು ವರ್ಷ ಟೂರಿಂಗ್ ಟಾಕೀಸಿನಲ್ಲಿ ಆಪರೇಟರ್‌ಗೆ ಕೈಯಾಳಾಗಿದ್ದರು. ಮಳೆಗಾಲ ಬಂದರೆ ಟೆಂಟ್ ಕಿತ್ತು ಮನೆಗೆ, ಮಿಕ್ಕ ದಿನ ರೀಲು ಸುತ್ತುವ ಕೆಲಸ. ಕನ್ನಡದ ಮೊದಲ ಸಿನಿಮಾಸ್ಕೋಪ್ ಅಂತ ಹೆಸರಾದ 'ಸೊಸೆ ತಂದ ಸೌಭಾಗ್ಯ' ಬಂದದ್ದು 1977ರಲ್ಲಿ. ಅಪ್ಪ ಟೆಂಟ್ ಸೇರುವ ಹೊತ್ತಿಗೆ ಹಳ್ಳಿಗಳಿಗೂ ಸ್ಕೋಪ್ ಚಿತ್ರಗಳು ಬರುತ್ತಿದ್ದವು. ಅವತ್ತು ಪರದೆಯ ಎರಡೂ ಬದಿಯ ಮಡಚಿದ ಬಟ್ಟೆ ಬಿಚ್ಚಬೇಕು, ಪ್ರೊಜೆಕ್ಟರ್ ಮುಂದೆ ದಪ್ಪ ಲೆನ್ಸ್ ಕೂರಿಸಬೇಕು. ಒಂದು ರಾತ್ರಿ ಇವರು ಲೆನ್ಸ್ ಹಾಕುವುದನ್ನೇ ಮರೆತರಂತೆ. ಹೀರೋ, ವಿಲನ್, ಎತ್ತು, ಗಾಡಿ ಎಲ್ಲವೂ ಬಿದಿರಿನ ಗಳದ ಹಾಗೆ ಉದ್ದಕ್ಕೆ! ನೆಲದಲ್ಲಿ ಕೂತವರು ಕಾಸು ವಾಪಸ್ ಕೊಡಿ ಅಂತ ಎದ್ದುಬಿಟ್ಟರಂತೆ. ಅಪ್ಪ ಈ ಕತೆಯನ್ನು ನೂರು ಸಲ ಹೇಳಿದ್ದಾರೆ. ಅದರ ಹಿಂದಿನ ಆಪ್ಟಿಕ್ಸ್ ನನಗೆ ಅರ್ಥವಾದದ್ದು ಈಗ.

ಅಗಲ ಸಿಕ್ಕಿದ ಮಾತ್ರಕ್ಕೆ ಕೆಲಸ ಮುಗಿಯಲ್ಲ, ಅದನ್ನು ತುಂಬುವವರು ಬೇಕು ಅನ್ನೋದಕ್ಕೆ ನಮ್ಮ ಮೈಸೂರಿನವರೇ ಒಬ್ಬರು ಸಾಕ್ಷಿ. ವಿ.ಕೆ. ಮೂರ್ತಿ. ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಸಿನಿಮಾಟೋಗ್ರಫಿ ಕಲಿತು ಮುಂಬೈಗೆ ಹೋದವರು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ, ಗುರುದತ್ ಅವರ 1959ರ 'ಕಾಗಜ್ ಕೆ ಫೂಲ್'ಗೆ ಕ್ಯಾಮೆರಾ ಹಿಡಿದದ್ದು ಇವರೇ. ಆ ಚಿತ್ರದಲ್ಲಿ ದೊಡ್ಡ ಖಾಲಿ ಸ್ಟುಡಿಯೋ, ಮೇಲಿನಿಂದ ಇಳಿದುಬರುವ ಒಂದು ಬೆಳಕಿನ ಕೋಲು, ಎರಡು ಬದಿಗೆ ನಿಂತ ಇಬ್ಬರು. ನಡುವೆ ಏನೂ ಇಲ್ಲ. ಆ 'ಏನೂ ಇಲ್ಲ' ಅನ್ನೋದನ್ನು ತೋರಿಸೋಕೇ ಅಷ್ಟು ಅಗಲ ಬೇಕಿತ್ತು. ಚಿತ್ರ ಓಡಲಿಲ್ಲ. ಆದರೆ ಮೂರ್ತಿಯವರಿಗೆ ಫಿಲಂಫೇರ್ ಬಂತು, ಎಷ್ಟೋ ವರ್ಷದ ಮೇಲೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯೂ ಬಂತು. ಅದನ್ನು ಪಡೆದ ಮೊದಲ ಛಾಯಾಗ್ರಾಹಕ ಅವರು.

ಇನ್ನು ಇದೇ ಅಗಲದ ಚಿತ್ರ ಮನೆಯ 4:3 ಟಿವಿಗೆ ಬಂದರೆ? ಎರಡೇ ದಾರಿ. ಒಂದೋ ಎರಡು ಬದಿ ಕತ್ತರಿಸಿ ನಡುಭಾಗ ತೋರಿಸು, ಇಲ್ಲಾ ಮೇಲೆ ಕೆಳಗೆ ಕಪ್ಪು ಪಟ್ಟಿ ಬಿಡು. ಭಾನುವಾರ ಸಂಜೆಯ ಕನ್ನಡ ಸಿನಿಮಾಕ್ಕೆ ಅರ್ಧ ಬೀದಿ ನಮ್ಮನೆ 14 ಇಂಚಿನ ಕಪ್ಪು ಬಿಳುಪು ಟಿವಿ ಮುಂದೆ ಸೇರುತ್ತಿತ್ತು. ಒಂದೊಂದು ದೃಶ್ಯದಲ್ಲಿ ಮಾತಾಡುತ್ತಿರುವವನ ಮೂಗು ಮಾತ್ರ ಕಾಣುತ್ತಿತ್ತು, ಮುಖ ಅಂಚಿನ ಆಚೆ. ಕಪ್ಪು ಪಟ್ಟಿ ಬಂದ ದಿನ ಅಜ್ಜಿ 'ಟೀವಿ ಕೆಟ್ಟೈತೆ, ರಿಪೇರಿ ಮಾಡ್ಸೋ' ಅಂತ ಅಪ್ಪನಿಗೆ ಹೇಳೋರು. ಕಾಸು ಕೊಟ್ಟು ತಂದ ಗಾಜಿನ ಅರ್ಧ ಖಾಲಿ ಬಿಟ್ಟರೆ ಯಾರಿಗೆ ತಾನೇ ಸಿಟ್ಟು ಬರಲ್ಲ? ಅಜ್ಜಿಯ ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈ ಜಗಳಕ್ಕೆ ರಾಜಿ ಮಾಡಿದ್ದು 16:9. 1980ರ ದಶಕದಲ್ಲಿ ಹೈ ಡೆಫಿನಿಷನ್ ಟಿವಿಯ ಮಾತು ನಡೆಯುವಾಗ ಕೆರ್ನ್ಸ್ ಪವರ್ಸ್ ಎಂಬ ಅಮೆರಿಕದ ಇಂಜಿನಿಯರ್, ಬಳಕೆಯಲ್ಲಿದ್ದ ಎಲ್ಲ ಆಕಾರಗಳನ್ನೂ ಒಂದೇ ವಿಸ್ತೀರ್ಣದ ಆಯತಗಳಾಗಿ ಬರೆದು ಒಂದರ ಮೇಲೊಂದು ಇಟ್ಟು ನೋಡಿದ. ಎಲ್ಲವನ್ನೂ ಒಳಗೊಳ್ಳುವ ಹೊರಗಿನ ಆಯತ, ಎಲ್ಲದರಲ್ಲೂ ಇರುವ ಒಳಗಿನ ಆಯತ, ಎರಡೂ ಸುಮಾರು 1.77:1 ಬಂದವು. ಯಾರಿಗೂ ಪೂರ್ತಿ ಖುಷಿ ಇಲ್ಲ, ಯಾರಿಗೂ ಪೂರ್ತಿ ನಷ್ಟ ಇಲ್ಲ. ಪಂಚಾಯ್ತಿ ತೀರ್ಮಾನ ಅಂದರೆ ಇದೇ ಅಲ್ವಾ?

ಕಂಪ್ಯೂಟರ್ ಲೋಕ ಇದನ್ನು ಒಪ್ಪಿಕೊಂಡದ್ದು ಮಾತ್ರ ಒಲ್ಲದ ಮನಸ್ಸಿನಿಂದ. 2000ದ ದಶಕದಲ್ಲಿ ಅಗಲದ ಮಾನಿಟರ್‌ಗಳು ಮೊದಲು ಬಂದದ್ದು 16:10 ಆಕಾರದಲ್ಲಿ, 1920×1200. ದಶಕ ಮುಗಿಯುವ ಹೊತ್ತಿಗೆ ಟಿವಿ ಪ್ಯಾನೆಲ್‌ಗಳ ದಾರಿಯಲ್ಲೇ ಎಲ್ಲವೂ 16:9 ಆದವು, 1920×1080. ನಾವು ಕೋಡ್ ಬರೆಯುವವರು 120 ಸಾಲು ಪಿಕ್ಸೆಲ್ ಕಳಕೊಂಡೆವು. ಇದರಲ್ಲಿ ಮಾರುವವನಿಗೆ ಒಂದು ಲಾಭ ಇದೆ. ನಾವು ಪರದೆ ಕೊಳ್ಳೋದು ಕರ್ಣದ ಇಂಚಿನಲ್ಲಿ. ಕರ್ಣ ಅಷ್ಟೇ ಇದ್ದು ಆಕಾರ ಅಗಲವಾದಷ್ಟೂ ವಿಸ್ತೀರ್ಣ ಕಡಿಮೆ ಆಗುತ್ತೆ. ಹೈಸ್ಕೂಲ್ ಗಣಿತ. 34 ಇಂಚಿನ ಅಲ್ಟ್ರಾವೈಡ್‌ನ ವಿಸ್ತೀರ್ಣ ಸುಮಾರು 412 ಚದರ ಇಂಚು. ಮಾಮೂಲಿ 32 ಇಂಚಿನದ್ದು ಸುಮಾರು 437. ಸಂಖ್ಯೆ ಚಿಕ್ಕದು, ಗಾಜು ದೊಡ್ಡದು. 34 ಇಂಚಿನದರ ಎತ್ತರ ನೋಡಿದರೆ ಮಾಮೂಲಿ 27 ಇಂಚಿನಷ್ಟೇ. ಅಕ್ಕಪಕ್ಕ ಒಟ್ಟು 20 ಸೆಂಟಿಮೀಟರ್ ಜಾಸ್ತಿ. ನಾನು 38 ಸಾವಿರ ಕೊಡಲು ಹೊರಟಿದ್ದು ಈ 20 ಸೆಂಟಿಮೀಟರ್‌ಗೆ.

ಅಲ್ಟ್ರಾವೈಡ್ ಕೂಡ ಮೊದಲು ಸಿನಿಮಾದ ಹೆಸರಲ್ಲೇ ಬಂತು. 2009ರಲ್ಲಿ ಫಿಲಿಪ್ಸ್ 56 ಇಂಚಿನ 'ಸಿನಿಮಾ 21:9' ಟಿವಿ ಬಿಟ್ಟಿತು. ಟಿವಿ ಕಾರ್ಯಕ್ರಮಗಳೆಲ್ಲ 16:9 ಇದ್ದಾಗ ಅದನ್ನು ಯಾರು ಕೊಳ್ಳಬೇಕು? ಕೆಲವೇ ವರ್ಷಕ್ಕೆ ಅಂಗಡಿಯಿಂದ ಮರೆಯಾಯಿತು. 2012ರಲ್ಲಿ ಎಲ್‌ಜಿ ಇದೇ 2560×1080ರ ಆಕಾರವನ್ನು 29 ಇಂಚಿನ ಮಾನಿಟರ್ ಆಗಿ ತಂದಿತು. 2014ರಲ್ಲಿ 34 ಇಂಚಿನ 3440×1440 ಬಂತು. ಟಿವಿಯಾಗಿ ಸೋತದ್ದು ಮಾನಿಟರ್ ಆಗಿ ನಿಂತಿತು. ಯಾಕೆ ಅಂದರೆ ಗೇಮ್ ಅನ್ನೋದು ಮೊದಲೇ ತೆಗೆದಿಟ್ಟ ಚಿತ್ರ ಅಲ್ಲ. ಪ್ರತಿ ಕ್ಷಣವೂ ಹೊಸದಾಗಿ ಬಿಡಿಸೋದು. ಅಗಲ ಕೇಳಿದರೆ ಅಗಲವಾಗೇ ಬಿಡಿಸಬಹುದು.

ಇಲ್ಲೊಂದು ಚೆಂದದ ಲೆಕ್ಕ ಇದೆ. 4/3 ಅನ್ನು ಅದರಿಂದಲೇ ಗುಣಿಸಿದರೆ 16/9. ಮತ್ತೊಮ್ಮೆ ಗುಣಿಸಿದರೆ 64/27. 2560×1080 ಅನ್ನೋದು ಸರಿಯಾಗಿ ಅದೇ, 64:27. (3440×1440 ನಿಜಕ್ಕೆ 43:18. ಡಬ್ಬಿ ಮೇಲಿನ 21:9 ಬರೀ ಕರೆಯೋ ಹೆಸರು.) ಅಂದರೆ ಚೌಕ ಮಾನಿಟರ್‌ನಿಂದ ವೈಡ್‌ಸ್ಕ್ರೀನ್‌ಗೆ ಬಂದಾಗ ಎಷ್ಟು ಸಿಕ್ಕಿತ್ತೋ, ಈಗ ಮತ್ತೆ ಅಷ್ಟೇ ಸಿಗುತ್ತೆ. 16:9ರಲ್ಲಿ 90 ಡಿಗ್ರಿ ನೋಟ ಕೊಡುವ ಆಟ 34 ಇಂಚಿನ ಅಲ್ಟ್ರಾವೈಡ್‌ನಲ್ಲಿ ಸುಮಾರು 107 ಡಿಗ್ರಿ ಕೊಡುತ್ತೆ. ವಾಲರ್ ಹೇಳಿದ ಅಂಚಿನ ನೋಟ ಇದೇ. ಅಂಚಿಗೆ ಹೋದಷ್ಟೂ ಚಿತ್ರ ಎಳೆದ ಹಾಗೆ ಕಾಣುತ್ತೆ ಅನ್ನೋದು ನಿಜ, ಆದರೆ ಅಲ್ಲಿ ನಾವು ದಿಟ್ಟಿಸಿ ನೋಡೋದಿಲ್ಲ.

ಆದರೆ ಈ 107 ಡಿಗ್ರಿ ಸಿಗೋದು ಗೇಮ್ ಮಾಡಿದವರು ಮನಸ್ಸು ಮಾಡಿದರೆ ಮಾತ್ರ. ಎತ್ತರ ಹಾಗೇ ಇಟ್ಟು ಅಕ್ಕಪಕ್ಕ ಹೆಚ್ಚು ತೋರಿಸುವುದು ಒಂದು ದಾರಿ. ಗೇಮರ್‌ಗಳು ಹಾರ್ ಪ್ಲಸ್ ಅಂತಾರೆ. ಅಗಲ ಹಾಗೇ ಇಟ್ಟು ಮೇಲೆ ಕೆಳಗೆ ಕತ್ತರಿಸುವುದು ಇನ್ನೊಂದು, ವರ್ಟ್ ಮೈನಸ್. ಎರಡನೆಯದರಲ್ಲಿ ದುಡ್ಡು ಜಾಸ್ತಿ ಕೊಟ್ಟವನಿಗೆ ಕಾಣೋದು ಕಡಿಮೆ! 2007ರಲ್ಲಿ ಬಯೋಶಾಕ್ ಬಂದಾಗ ವೈಡ್‌ಸ್ಕ್ರೀನ್ ಇದ್ದವರಿಗೆ ಹೀಗೇ ಆಗಿ ಗಲಾಟೆ ಎದ್ದಿತು. ಬಳಿಕ ಪ್ಯಾಚ್‌ನಲ್ಲಿ ಸರಿಪಡಿಸುವ ಆಯ್ಕೆ ಕೊಟ್ಟರು. 2016ರ ಓವರ್‌ವಾಚ್‌ನಲ್ಲಿ ಅದೇ ಕತೆ ಅಲ್ಟ್ರಾವೈಡ್‌ನವರಿಗೆ ಆಯಿತು. 2020ರ ವ್ಯಾಲರಂಟ್‌ನಲ್ಲಿ ಎಲ್ಲರಿಗೂ ಒಂದೇ 103 ಡಿಗ್ರಿ, ಅಲ್ಟ್ರಾವೈಡ್ ಇದ್ದರೆ ಎರಡೂ ಬದಿ ಕಪ್ಪು ಪಟ್ಟಿ. 2022ರ ಎಲ್ಡನ್ ರಿಂಗ್‌ನಲ್ಲೂ ಕಪ್ಪು ಪಟ್ಟಿಯೇ. ಅಜ್ಜಿ ಇದ್ದಿದ್ದರೆ 'ಕೆಟ್ಟೈತೆ' ಅಂದಿರೋರು.

ಸ್ಪರ್ಧೆಯ ಆಟಗಳಲ್ಲಿ ಇದಕ್ಕೆ ಕಾರಣ ಇದೆ. ದುಡ್ಡಿದ್ದವನಿಗೆ ಮೂಲೆಯಲ್ಲಿ ಅಡಗಿದ ಶತ್ರು ಮೊದಲು ಕಾಣಬಾರದು. ನ್ಯಾಯವೇ. ಇನ್ನೂ ತಮಾಷೆ ಅಂದರೆ ಕೌಂಟರ್ ಸ್ಟ್ರೈಕ್ ಆಡುವ ಎಷ್ಟೋ ವೃತ್ತಿಪರ ಆಟಗಾರರು ಇವತ್ತಿಗೂ 4:3 ಚಿತ್ರವನ್ನು ಅಗಲಕ್ಕೆ ಎಳೆದುಕೊಂಡು ಆಡ್ತಾರೆ. ಕಾಣೋದು ಕಡಿಮೆ ಆದರೂ ಪರವಾಗಿಲ್ಲ, ಎದುರಿನವನು ದಪ್ಪಗೆ ಕಾಣಲಿ ಅಂತ. ಡಿಕ್ಸನ್ ಸೀಳಿದ ಫಿಲಂ ಇನ್ನೂ ಓಡುತ್ತಿದೆ.

ಇಷ್ಟು ಓದಿ ಮುಗಿಸುವ ಹೊತ್ತಿಗೆ ಅಪ್ಪ ಬೆಂಗಳೂರಿಗೆ ಬಂದಿದ್ದರು. ಒಂದು ಶನಿವಾರ ಎಸ್‌ಪಿ ರಸ್ತೆಗೆ ಕರೆದುಕೊಂಡು ಹೋದೆ. ಒಂದು ಅಂಗಡಿಯಲ್ಲಿ ನಾನು ಟ್ಯಾಬ್‌ನಲ್ಲಿ ಇಟ್ಟುಕೊಂಡಿದ್ದ ಮಾನಿಟರೇ ಗೋಡೆ ಪಕ್ಕ ಹೊಳೆಯುತ್ತಿತ್ತು, ಯಾವುದೋ ಹಾಡಿನ ವೀಡಿಯೊ ಹಾಕಿದ್ದರು. ನಾನು ಬಾಯಿ ಬಿಟ್ಟು ನೋಡುತ್ತಾ ನಿಂತೆ. ಅಪ್ಪ ಎರಡೇ ಸೆಕೆಂಡ್ ನೋಡಿ ಅಂಗಡಿಯವನಿಗೆ ಹೇಳಿದರು: 'ಲೆನ್ಸ್ ತಪ್ಪೈತಲ್ಲಪ್ಪ.'

ಸರಿಯಾಗಿ ನೋಡಿದೆ. 16:9 ವೀಡಿಯೊವನ್ನು ಪೂರ್ತಿ ಪರದೆಗೆ ಎಳೆದು ಹಾಕಿದ್ದರು. ಕುಣಿಯುವ ಹುಡುಗಿಯ ಮುಖ ಕುಂಬಳಕಾಯಿ, ಕಾರಿನ ಚಕ್ರ ಮೊಟ್ಟೆ. ಇಷ್ಟು ಹೊತ್ತು ನೋಡಿದರೂ ನನಗೆ ಕಂಡಿರಲಿಲ್ಲ. ಪರದೆಯ ಅಗಲ ನೋಡುತ್ತಿದ್ದೆ, ಚಿತ್ರ ನೋಡಿರಲಿಲ್ಲ. ಅಪ್ಪ ಬೆಲೆ ಕೇಳಿದರು. ಹೇಳಿದೆ. ಮನಸ್ಸಿನಲ್ಲೇ ಕೊಬ್ಬರಿ ಲೆಕ್ಕ ಹಾಕಿದರು ಅಂತ ಕಾಣುತ್ತೆ, ಏನೂ ಅನ್ನಲಿಲ್ಲ.

ಮನೆಗೆ ಬಂದು ಒಂದು ಹಾಳೆ ತೆಗೆದುಕೊಂಡೆ. ಕಳೆದ ಆರು ತಿಂಗಳಲ್ಲಿ ಏನೇನು ಆಡಿದೆ ಅಂತ ಬರೆದೆ. ಹತ್ತು ಗಂಟೆ ಆಡಿದ್ದರೆ ಆರು ಗಂಟೆ ವ್ಯಾಲರಂಟ್, ಅದೂ ಊರಲ್ಲಿರುವ ತಮ್ಮನ ಜೊತೆ. ಕಪ್ಪು ಪಟ್ಟಿ. ಎರಡು ಗಂಟೆ ಎಲ್ಡನ್ ರಿಂಗ್. ಕಪ್ಪು ಪಟ್ಟಿ. ಮಿಕ್ಕ ಎರಡು ಗಂಟೆ ಯೂರೋ ಟ್ರಕ್ ಸಿಮ್ಯುಲೇಟರ್. ಅದೊಂದರಲ್ಲಿ ಅಗಲ ನಿಜವಾಗಿ ತುಂಬುತ್ತೆ, ಲಾರಿಯ ಎರಡೂ ಕನ್ನಡಿ ಒಟ್ಟಿಗೆ ಕಾಣುತ್ತೆ. ಇನ್ನು ಪಿಕ್ಸೆಲ್ ಲೆಕ್ಕ. ಈಗಿನ ನನ್ನ 24 ಇಂಚಿನ 1080ಪಿ ಮಾನಿಟರ್‌ನಲ್ಲಿ 20.7 ಲಕ್ಷ, 2560×1440ರಲ್ಲಿ 36.9 ಲಕ್ಷ, ಅಲ್ಟ್ರಾವೈಡ್‌ನಲ್ಲಿ 49.5 ಲಕ್ಷ. ನನ್ನ ಹಳೇ ಗ್ರಾಫಿಕ್ಸ್ ಕಾರ್ಡ್ ಈಗಿನ 2.4 ಪಟ್ಟು ಕೆಲಸ ಮಾಡಬೇಕು. ಮಾಡಲ್ಲ. ಅಂದರೆ ಮಾನಿಟರ್ ಹಿಂದೆಯೇ ಕಾರ್ಡ್ ಬರುತ್ತೆ, ಕಾರ್ಡ್ ಹಿಂದೆ ಇನ್ನೊಂದು ಇಎಂಐ.

ಹಾಗಂತ ಅಲ್ಟ್ರಾವೈಡ್ ದಂಡ ಅಂತ ನಾನು ಹೇಳಲ್ಲ. ನಿಮ್ಮ ಹಾಳೆಯಲ್ಲಿ ಆ ಎರಡು ಗಂಟೆಯ ಜಾಗದಲ್ಲಿ ಎಂಟು ಇದ್ದರೆ, ನೀವು ಕಾರ್ ರೇಸ್, ವಿಮಾನ, ಲಾರಿ, ಒಬ್ಬರೇ ಆಡುವ ದೊಡ್ಡ ಕತೆಯ ಆಟಗಳ ಮನುಷ್ಯರಾಗಿದ್ದರೆ, ಕಾರ್ಡ್‌ಗೂ ತಾಕತ್ತಿದ್ದರೆ, ಧೈರ್ಯವಾಗಿ ತಗೊಳ್ಳಿ. ಆದರೆ ಕೊಳ್ಳುವ ಮುಂಚೆ ನೀವು ಆಡುವ ಒಂದೊಂದು ಆಟಕ್ಕೂ ಒಂದೇ ಪ್ರಶ್ನೆ ಕೇಳಿ: ಈ ಅಗಲವನ್ನು ಯಾರಾದರೂ ತುಂಬಿದ್ದಾರಾ? ಸಿನೆರಾಮಾದಿಂದ ಇಲ್ಲಿಯವರೆಗೆ ಅಗಲವನ್ನು ಮಾರಿದವರು ಬಹಳ ಜನ. ವಿ.ಕೆ. ಮೂರ್ತಿಯವರ ಹಾಗೆ ಅದಕ್ಕೆ ಅರ್ಥ ಕೊಟ್ಟವರು ಕಡಿಮೆ.

ನಾನು ಟ್ಯಾಬ್ ಮುಚ್ಚಿದೆ. ಅದರ ಅರ್ಧದಷ್ಟು ದುಡ್ಡಿಗೆ ಮಾಮೂಲಿ 27 ಇಂಚಿನ 1440ಪಿ ಮಾನಿಟರ್ ತಗೊಂಡೆ. ಎತ್ತರ ಅಷ್ಟೇ, ಆ 20 ಸೆಂಟಿಮೀಟರ್ ಇಲ್ಲ. ಎಲ್ಡನ್ ರಿಂಗ್ ಆಡುವಾಗ ಸೆಟ್ಟಿಂಗ್ಸ್ ಸ್ವಲ್ಪ ಇಳಿಸಬೇಕಾಯಿತು, ಅಷ್ಟೇ. ಲಾರಿ ಓಡಿಸುವಾಗ ಮಾತ್ರ ಎಡಗಡೆ ಕನ್ನಡಿ ನೋಡಲು ಮೌಸ್ ತಿರುಗಿಸುತ್ತಾ ಒಂದು ಸಲ ಹೊಟ್ಟೆ ಉರಿಯುತ್ತೆ.

ತಮ್ಮ ಇಷ್ಟು ವರ್ಷ ಆಡುತ್ತಿದ್ದದ್ದು ನಾನು ಬಿಇ ಓದುವಾಗ ತಗೊಂಡಿದ್ದ 17 ಇಂಚಿನ, 1280×1024ರ ಚೌಕ ಮಾನಿಟರ್‌ನಲ್ಲಿ. ನನ್ನ 24 ಇಂಚಿನದನ್ನು ಅಪ್ಪ ಹಳೇ ಬೆಡ್‌ಶೀಟಿನಲ್ಲಿ ಸುತ್ತಿ, ತಿಪಟೂರು ಬರುವವರೆಗೂ ಟ್ರೈನಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಹೋದರಂತೆ. ಸೀಟಿನ ಕೆಳಗೆ ಇಡಿ ಅಂತ ಪಕ್ಕದವರು ಹೇಳಿದರೂ ಬಿಡಲಿಲ್ಲವಂತೆ. ರಾತ್ರಿ ಫೋನ್ ಮಾಡಿ ತಲುಪಿತಾ ಅಂತ ಕೇಳಿದೆ. 'ಹಾಕಿ ಆಯ್ತು' ಅಂದರು. 'ಮುಖ ಎಲ್ಲ ಸರಿಯಾಗೇ ಕಾಣ್ತವೆ.'